ಅಧಿಕಾರಕ್ಕೆ ಎಲ್ಲೆ ಕಟ್ಟಿದ ಮೂರು ಮೊಕದ್ದಮೆಗಳು

ಭಾರತದ ಸಂವಿಧಾನವು ಸರ್ಕಾರದ ಅಂಗಗಳನ್ನು ಹೇಗೆ ಕಟ್ಟಿದೆ, ನಾಗರಿಕರ ಹಕ್ಕುಗಳಿಗೆ ಎಂಥ ಕಾವಲು ಇಟ್ಟಿದೆ ಎಂಬುದನ್ನು ಅದರ ಪುಟಗಳನ್ನಷ್ಟೇ ಓದಿ ತಿಳಿಯಹೊರಟವರಿಗೆ ಒಂದು ಮುಖ್ಯ ಸಂಗತಿ ಕಣ್ತಪ್ಪಿಹೋಗುತ್ತದೆ. 1950ರ ಜನವರಿ 26ರಂದು ಜಾರಿಗೆ ಬಂದ 395 ವಿಧಿಗಳ ಆ ಗ್ರಂಥದಲ್ಲಿ ಸಂವಿಧಾನವನ್ನು ತಿದ್ದುವ ವಿಧಾನವನ್ನು ಹೇಳಲಾಗಿತ್ತೇ ಹೊರತು, ತಿದ್ದುವ ಅಧಿಕಾರ ಎಲ್ಲಿಗೆ ನಿಲ್ಲಬೇಕೆಂಬುದನ್ನು ಹೇಳಿರಲಿಲ್ಲ. ಹಕ್ಕುಗಳನ್ನು ಕೊಟ್ಟ ಗ್ರಂಥವನ್ನೇ ತಿದ್ದಿ ಆ ಹಕ್ಕುಗಳನ್ನು ಕಿತ್ತುಕೊಳ್ಳಬಹುದೇ ಎಂಬ ಪ್ರಶ್ನೆಗೆ ಉತ್ತರ ದೊರೆತದ್ದು ಮುಂದಿನ ದಶಕಗಳಲ್ಲಿ, ನ್ಯಾಯಾಲಯದ ಮೆಟ್ಟಿಲೇರಿದ ಮೊಕದ್ದಮೆಗಳಲ್ಲಿ. ಅವುಗಳ ಪೈಕಿ ಅತಿ ಮುಖ್ಯವಾದ ಮೂರು ಕನ್ನಡ ಮಾತನಾಡುವ ನೆಲದಿಂದ ಹೋದಂಥವು: ಒಂದು ಕಾಸರಗೋಡು ಸೀಮೆಯ ಮಠದ್ದು, ಒಂದು ಬೆಂಗಳೂರಿನ ಬಟ್ಟೆ ಗಿರಣಿಯದ್ದು, ಮತ್ತೊಂದು ವಿಧಾನಸೌಧದಿಂದ ಹೊರಗಾದ ಮಂತ್ರಿಮಂಡಲದ್ದು. ಈ ಮೂವರಲ್ಲಿ ಯಾರೂ ತಾವು ಕಳೆದುಕೊಂಡದ್ದನ್ನು ಮರಳಿ ಪಡೆಯಲಿಲ್ಲ. ಆದರೆ ಅವರ ಹೆಸರಿನಲ್ಲಿ ಹೊರಬಿದ್ದ ತೀರ್ಪುಗಳ ಫಲ, ಆ ಮೊಕದ್ದಮೆಗಳ ಹೆಸರನ್ನೇ ಕೇಳಿರದ ಕೋಟ್ಯಂತರ ಜನರಿಗೆ ದಕ್ಕಿತು.

1946ರ ಡಿಸೆಂಬರ್ 9ರಂದು ಮೊದಲ ಬಾರಿಗೆ ಸೇರಿದ ಸಂವಿಧಾನ ಸಭೆಯು ಸುಮಾರು ಮೂರು ವರ್ಷಗಳ ಚರ್ಚೆಯ ನಂತರ ರೂಪಿಸಿದ ವ್ಯವಸ್ಥೆಯ ಮುಖ್ಯ ಗುಣವೆಂದರೆ, ಯಾವ ಒಂದು ಅಂಗವೂ ಅದರಲ್ಲಿ ಸರ್ವಾಧಿಕಾರಿಯಲ್ಲದಿರುವುದು. ಕಾನೂನು ಮಾಡುವುದು ಶಾಸಕಾಂಗ, ಅದನ್ನು ಜಾರಿಗೊಳಿಸುವುದು ಕಾರ್ಯಾಂಗ, ಆ ಕಾನೂನು ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂದು ಪರಿಶೀಲಿಸುವುದು ನ್ಯಾಯಾಂಗ. ಈ ಪರಿಶೀಲನೆಗೆ ನ್ಯಾಯಿಕ ಪುನರ್ವಿಮರ್ಶೆ ಎಂದು ಹೆಸರು. ಮಂತ್ರಿಮಂಡಲವು ಲೋಕಸಭೆಗೆ ಉತ್ತರದಾಯಿಯಾಗಿರಬೇಕೆಂಬ ಪದ್ಧತಿಯನ್ನು ಇಂಗ್ಲೆಂಡಿನಿಂದ ತೆಗೆದುಕೊಂಡ ಸಂವಿಧಾನಕಾರರು, ಸಂಸತ್ತು ಮಾಡಿದ್ದೇ ಅಂತಿಮ ಎಂಬ ಆ ದೇಶದ ನಂಬಿಕೆಯನ್ನು ತೆಗೆದುಕೊಳ್ಳಲಿಲ್ಲ. ಕಾನೂನನ್ನು ರದ್ದುಪಡಿಸುವ ಅಧಿಕಾರವನ್ನು ನ್ಯಾಯಾಲಯಕ್ಕೆ ಕೊಡುವ ಪದ್ಧತಿಯನ್ನು ಅಮೆರಿಕದಲ್ಲಿ ಕಂಡಿದ್ದರೂ, ಅಲ್ಲಿಯ ನ್ಯಾಯಾಧೀಶರಿಗಿದ್ದಷ್ಟು ವಿಸ್ತಾರವನ್ನು ಇಲ್ಲಿ ಕೊಡಲು ಹಿಂಜರಿದರು. ಕೇಂದ್ರ ಮತ್ತು ರಾಜ್ಯಗಳ ನಡುವೆ ವಿಷಯಗಳನ್ನು ಹಂಚಿದ ಏಳನೇ ಅನುಸೂಚಿಯಲ್ಲಿ ಕೇಂದ್ರಕ್ಕೆ 97, ರಾಜ್ಯಗಳಿಗೆ 66, ಇಬ್ಬರಿಗೂ ಸಮಾನವಾಗಿ 47 ಬಾಬುಗಳನ್ನು ಇಟ್ಟರು. ಭೂಮಿ ಮತ್ತು ಗೇಣಿಯ ವಿಷಯ ರಾಜ್ಯಗಳ ಪಾಲಿಗೆ ಬಂತು. ಸಂವಿಧಾನದ ಮೊದಲ ಕಾಲು ಶತಮಾನದ ದೊಡ್ಡ ಜಗಳಗಳೆಲ್ಲ ಹೆಚ್ಚುಕಡಿಮೆ ಈ ಬಾಬಿನಿಂದಲೇ ಹುಟ್ಟಿದವು.

ಕರಡಿನ ಮೊದಲ ರೂಪವನ್ನು 1947ರ ಅಕ್ಟೋಬರ್‌ನಲ್ಲಿ ಸಿದ್ಧಪಡಿಸಿದವರು ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ಮಂಗಳೂರು ಮೂಲದ ಬೆನೆಗಲ್ ನರಸಿಂಗ ರಾವ್. 243 ವಿಧಿ ಮತ್ತು 13 ಅನುಸೂಚಿಗಳಿದ್ದ ಆ ಕರಡನ್ನು ಮುಂದಿಟ್ಟುಕೊಂಡು ಬಿ. ಆರ್. ಅಂಬೇಡ್ಕರ್ ಅಧ್ಯಕ್ಷತೆಯ ಕರಡು ಸಮಿತಿ ತನ್ನ ಕೆಲಸ ನಡೆಸಿತು. ಕರಡನ್ನು ಮುಗಿಸಿದ ಬೆನ್ನಿಗೆ ರಾವ್ ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಇಂಗ್ಲೆಂಡುಗಳಿಗೆ ಹೋಗಿ ಅಲ್ಲಿಯ ನ್ಯಾಯಾಧೀಶರನ್ನೂ ರಾಜಕಾರಣಿಗಳನ್ನೂ ಕಂಡು ಬಂದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್, ಕಾನೂನಿನ ನ್ಯಾಯೋಚಿತತೆಯನ್ನು ಅಳೆಯುವ ವಿಶಾಲ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟರೆ ಚುನಾಯಿತ ಶಾಸಕಾಂಗಗಳ ಸುಧಾರಣೆಗಳಿಗೆ ಅದು ಅಡ್ಡಿಯಾದೀತು ಎಂದು ಅವರನ್ನು ಎಚ್ಚರಿಸಿದ್ದರು. ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯವನ್ನು ಕಾಯುವ 21ನೇ ವಿಧಿಯು ಕೇವಲ 'ಕಾನೂನು ವಿಧಿಸಿದ ಕ್ರಮ'ವನ್ನು ಪಾಲಿಸಿದರೆ ಸಾಕೆಂಬ ಮಿತವಾದ ರೂಪ ತಾಳಿದ್ದರ ಹಿಂದೆ ಈ ಎಚ್ಚರಿಕೆಯ ಪಾಲೂ ಇದೆ. ಆ ಮಿತಿಗೆ ದೇಶ ತೆತ್ತ ಬೆಲೆ 1976ರಲ್ಲಿ ಕಂಡುಬಂತು.

ಹಕ್ಕುಗಳ ಕಾವಲಿನ ಮಟ್ಟಿಗೆ ಸಂವಿಧಾನದ ಮೂರನೇ ಭಾಗದಲ್ಲಿರುವ ಎರಡು ವಿಧಿಗಳು ಉಳಿದೆಲ್ಲವುಗಳ ಆಧಾರವಾಗಿವೆ. ಮೂಲಭೂತ ಹಕ್ಕುಗಳಿಗೆ ವಿರುದ್ಧವಾದ ಯಾವ ಕಾನೂನೂ ಆ ವಿರೋಧದ ಮಟ್ಟಿಗೆ ಅಸಿಂಧು ಎನ್ನುತ್ತದೆ 13ನೇ ವಿಧಿ. ಹಕ್ಕಿಗೆ ಭಂಗ ಬಂದವರು ನಡುವಿನ ಯಾವ ನ್ಯಾಯಾಲಯಕ್ಕೂ ಹೋಗದೆ ನೇರವಾಗಿ ಸುಪ್ರೀಂ ಕೋರ್ಟಿಗೆ ಬರಬಹುದು ಎನ್ನುತ್ತದೆ 32ನೇ ವಿಧಿ; ಅಷ್ಟೇ ಅಲ್ಲ, ಹಾಗೆ ಬರುವುದೇ ಒಂದು ಮೂಲಭೂತ ಹಕ್ಕು ಎನ್ನುತ್ತದೆ. ಸಂವಿಧಾನದ ಜೀವ ಯಾವ ವಿಧಿಯಲ್ಲಿದೆ ಎಂದು ಕೇಳಿದರೆ ಇದನ್ನೇ ತೋರಿಸುವುದಾಗಿ ಅಂಬೇಡ್ಕರ್ 1948ರ ಡಿಸೆಂಬರ್‌ನಲ್ಲಿ ಸಭೆಗೆ ಹೇಳಿದ್ದರು. ಹಕ್ಕುಗಳ ಪಟ್ಟಿ ಎಷ್ಟೇ ಉದ್ದವಿದ್ದರೂ ಅದನ್ನು ಕೊಡಿಸುವವರಿಲ್ಲದಿದ್ದರೆ ಬರೆದ ಕಾಗದಕ್ಕೆ ಕಿಮ್ಮತ್ತಿಲ್ಲ. ಹಾಗಾಗಿ ಆ ಮಾತಿನಲ್ಲಿ ಉತ್ಪ್ರೇಕ್ಷೆಯೇನೂ ಇರಲಿಲ್ಲ.

ಆದರೆ ಇದೇ ಗ್ರಂಥದ 368ನೇ ವಿಧಿ, ಸಂಸತ್ತಿನ ಪ್ರತಿಯೊಂದು ಸದನದ ಒಟ್ಟು ಸದಸ್ಯರ ಬಹುಮತ ಮತ್ತು ಹಾಜರಿದ್ದು ಮತ ಹಾಕಿದವರ ಮೂರನೇ ಎರಡರಷ್ಟು ಬೆಂಬಲವಿದ್ದರೆ ಸಂವಿಧಾನವನ್ನು ತಿದ್ದಬಹುದೆಂದು ಹೇಳುತ್ತದೆ. ಒಕ್ಕೂಟದ ಸ್ವರೂಪಕ್ಕೆ ಸಂಬಂಧಿಸಿದ ಕೆಲವು ವಿಷಯಗಳಲ್ಲಿ ಮಾತ್ರ ಕನಿಷ್ಠ ಅರ್ಧದಷ್ಟು ರಾಜ್ಯಗಳ ಶಾಸನಸಭೆಗಳ ಒಪ್ಪಿಗೆಯೂ ಬೇಕು. ಸಂವಿಧಾನ ಜಾರಿಗೆ ಬಂದು ಒಂದೂವರೆ ವರ್ಷವೂ ತುಂಬುವ ಮೊದಲೇ ಈ ಅಧಿಕಾರದ ಬಳಕೆಯಾಯಿತು. 'ಕ್ರಾಸ್ ರೋಡ್ಸ್' ಎಂಬ ವಾರಪತ್ರಿಕೆಗೆ ಮದರಾಸು ಸರ್ಕಾರ ಹಾಕಿದ ನಿಷೇಧವನ್ನು ಸುಪ್ರೀಂ ಕೋರ್ಟು 1950ರಲ್ಲಿ ರದ್ದು ಮಾಡಿತ್ತು. ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳ ಸೀಟುಗಳನ್ನು ಸಮುದಾಯವಾರು ಹಂಚುತ್ತಿದ್ದ ಅದೇ ಸರ್ಕಾರದ ಆದೇಶ (ದಕ್ಷಿಣ ಕನ್ನಡ ಜಿಲ್ಲೆ ಆಗ ಮದರಾಸಿಗೆ ಸೇರಿದ್ದರಿಂದ ಅಲ್ಲಿಯ ವಿದ್ಯಾರ್ಥಿಗಳಿಗೂ ಅದು ಅನ್ವಯಿಸುತ್ತಿತ್ತು) ಚಂಪಕಂ ದೊರೈರಾಜನ್ ಮೊಕದ್ದಮೆಯಲ್ಲಿ ಬಿದ್ದುಹೋಯಿತು. ಜಮೀನ್ದಾರಿ ರದ್ದತಿಯ ಕಾನೂನುಗಳು ಹೈಕೋರ್ಟುಗಳಲ್ಲಿ ಸಿಕ್ಕಿಬಿದ್ದಿದ್ದವು. 1951ರ ಜೂನ್‌ನಲ್ಲಿ ಬಂದ ಮೊದಲ ತಿದ್ದುಪಡಿ ಈ ಮೂರಕ್ಕೂ ಉತ್ತರ ಕೊಟ್ಟಿತು. ಹಿಂದುಳಿದವರಿಗೆ ವಿಶೇಷ ಅವಕಾಶ ಕಲ್ಪಿಸುವ ಉಪವಿಧಿಯನ್ನು ಸೇರಿಸಿತು, ವಾಕ್ ಸ್ವಾತಂತ್ರ್ಯದ ಮೇಲಿನ ನಿರ್ಬಂಧಗಳನ್ನು ಹೆಚ್ಚಿಸಿತು, ಒಂಬತ್ತನೇ ಅನುಸೂಚಿ ಎಂಬ ಹೊಸ ಪಟ್ಟಿಯೊಂದನ್ನು ಸೃಷ್ಟಿಸಿ ಅದರಲ್ಲಿ ಸೇರಿದ ಕಾನೂನುಗಳನ್ನು ಮೂಲಭೂತ ಹಕ್ಕುಗಳ ಹೆಸರಿನಲ್ಲಿ ಯಾರೂ ಪ್ರಶ್ನಿಸದಂತೆ ಮಾಡಿತು. ಮೊದಲು 13 ಕಾನೂನುಗಳಿದ್ದ ಆ ಪಟ್ಟಿ ಕಾಲಕ್ರಮದಲ್ಲಿ ಬೆಳೆಯುತ್ತ ಹೋಯಿತು. ತಿದ್ದುವ ಅಧಿಕಾರವನ್ನು ಹಕ್ಕುಗಳ ಶತ್ರುವೆಂದಷ್ಟೇ ಕಾಣುವವರು ಮೀಸಲಾತಿಗೆ ಗಟ್ಟಿ ನೆಲೆ ಸಿಕ್ಕಿದ್ದೂ ಉಳುವವನಿಗೆ ಭೂಮಿ ಸಿಗುವ ದಾರಿ ತೆರೆದದ್ದೂ ಇದೇ ಅಧಿಕಾರದಿಂದ ಎಂಬುದನ್ನು ಮರೆಯುವಂತಿಲ್ಲ. ತೊಡಕಿದ್ದುದು ಬೇರೆಡೆ: ಒಳ್ಳೆಯದಕ್ಕಾಗಿ ತೆರೆದ ಬಾಗಿಲಿಗೆ ಅಗುಳಿಯೇ ಇರಲಿಲ್ಲ.

ಆ ಬಾಗಿಲು ಹಾಗೆಯೇ ತೆರೆದಿರಬಹುದೆಂದು ಸುಪ್ರೀಂ ಕೋರ್ಟು 1951ರ ಶಂಕರಿ ಪ್ರಸಾದ್ ಮತ್ತು 1965ರ ಸಜ್ಜನ್ ಸಿಂಗ್ ಮೊಕದ್ದಮೆಗಳಲ್ಲಿ ಹೇಳಿತು. ಎರಡನೆಯದರಲ್ಲಿ ನ್ಯಾಯಮೂರ್ತಿಗಳಾದ ಹಿದಾಯತುಲ್ಲಾ ಮತ್ತು ಮುಧೋಳ್ಕರ್ ತಮ್ಮ ಸಂದೇಹವನ್ನು ಬರೆದಿಟ್ಟರು. ಅದೇ ವರ್ಷ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಬಂದಿದ್ದ ಜರ್ಮನ್ ವಿದ್ವಾಂಸ ಡೀಟರ್ ಕಾನ್ರಾಡ್, ತಿದ್ದುವ ಅಧಿಕಾರಕ್ಕೆ ಅದರ ಸ್ವರೂಪದಲ್ಲೇ ಅಡಗಿರುವ ಮಿತಿಗಳ ಕುರಿತು ಉಪನ್ಯಾಸ ಕೊಟ್ಟರು. ವೈಮಾರ್ ಸಂವಿಧಾನದ ಬಾಗಿಲುಗಳಿಂದಲೇ ಒಳಬಂದು ಅದನ್ನು ನಿರ್ನಾಮ ಮಾಡಿದ ಹಿಟ್ಲರನ ಕಾಲವನ್ನು ಕಂಡಿದ್ದ ಜರ್ಮನರು 1949ರ ತಮ್ಮ ಹೊಸ ಮೂಲ ಕಾನೂನಿನಲ್ಲಿ ಮಾನವ ಘನತೆ ಮತ್ತು ಒಕ್ಕೂಟದಂಥ ತತ್ವಗಳನ್ನು ಯಾವ ತಿದ್ದುಪಡಿಯೂ ಮುಟ್ಟದಂತೆ ಬರೆದಿಟ್ಟಿದ್ದರು. ಭಾರತದ ಸಂವಿಧಾನದಲ್ಲಿ ಅಂಥ ವಿಧಿ ಇರಲಿಲ್ಲ. 1967ರ ಫೆಬ್ರವರಿ 27ರಂದು ಗೋಲಕನಾಥ್ ಮೊಕದ್ದಮೆಯಲ್ಲಿ 11 ನ್ಯಾಯಮೂರ್ತಿಗಳ ಪೀಠ ಆರಕ್ಕೆ ಐದರ ಬಹುಮತದಿಂದ, ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ತಿದ್ದುಪಡಿಯನ್ನು ಇನ್ನು ಮುಂದೆ ಸಂಸತ್ತು ಮಾಡುವಂತಿಲ್ಲ ಎಂದಿತು. ಹಿಂದೆ ಅಡೆತಡೆಯಿಲ್ಲದೆ ತೆರೆದಿದ್ದ ಬಾಗಿಲು ಒಮ್ಮೆಲೇ ಪೂರ್ತಿ ಮುಚ್ಚಿತು. ಆಸ್ತಿಯ ಹಕ್ಕೂ ಆಗ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿದ್ದುದರಿಂದ ಭೂಸುಧಾರಣೆಯ ಮಟ್ಟಿಗೆ ಇದು ಸಣ್ಣ ಆತಂಕವಾಗಿರಲಿಲ್ಲ. 1969ರ 14 ಬ್ಯಾಂಕುಗಳ ರಾಷ್ಟ್ರೀಕರಣದ ಕಾನೂನು, ಮಾಜಿ ಅರಸರಿಗೆ ಕೊಡುತ್ತಿದ್ದ ರಾಜಧನವನ್ನು ರದ್ದುಪಡಿಸಿದ ಮರುವರ್ಷದ ಆದೇಶ ನ್ಯಾಯಾಲಯದಲ್ಲಿ ಬಿದ್ದುಹೋದ ಮೇಲೆ, 1971ರ ಚುನಾವಣೆಯಲ್ಲಿ ಭಾರೀ ಬಹುಮತ ಪಡೆದ ಇಂದಿರಾ ಗಾಂಧಿಯವರ ಸರ್ಕಾರ 24, 25 ಮತ್ತು 26ನೇ ತಿದ್ದುಪಡಿಗಳ ಮೂಲಕ ಗೋಲಕನಾಥ್ ತೀರ್ಪನ್ನು ದಾಟಲು ಹೊರಟಿತು.

ಎಡನೀರು ಮಠದ ಅರ್ಜಿ ಈ ಬಿಕ್ಕಟ್ಟಿನ ನಡುವೆ ದಿಲ್ಲಿ ತಲಪಿತ್ತು. ಕಾಸರಗೋಡು ಪಟ್ಟಣದ ಸಮೀಪದಲ್ಲಿರುವ ಈ ಮಠ ತೋಟಕಾಚಾರ್ಯ ಪರಂಪರೆಗೆ ಸೇರಿದ ಅದ್ವೈತ ಪೀಠ. 1956ರ ನವೆಂಬರ್ 1ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ಕಾಸರಗೋಡು ಅಂದಿನಿಂದ ಕೇರಳಕ್ಕೆ ಸೇರಿದ್ದರಿಂದ, ಕನ್ನಡದಲ್ಲಿ ವ್ಯವಹರಿಸುವ, ಯಕ್ಷಗಾನಕ್ಕೆ ಆಶ್ರಯ ಕೊಟ್ಟ ಮಠವೊಂದು ಕೇರಳದ ಭೂಕಾನೂನಿಗೆ ಒಳಪಟ್ಟಿತು. ತುಳುನಾಡಿನ ಇತರ ಮಠ ದೇವಸ್ಥಾನಗಳಂತೆ ಎಡನೀರಿನ ನಿತ್ಯದ ಖರ್ಚು ನಡೆಯುತ್ತಿದ್ದುದೂ ಗೇಣಿಯಿಂದ. ಮೂಲಗೇಣಿಯವರು ತಲೆಮಾರುಗಳಿಂದ ಕದಲಿಸಲಾಗದ ಹಕ್ಕುಳ್ಳವರು. ಚಾಲಗೇಣಿಯವರಾದರೋ ಧನಿಗಳ ಮರ್ಜಿಯ ಮೇಲೆ ಗದ್ದೆ ಮಾಡುವವರು. ಸುಗ್ಗಿ ಮುಗಿದ ಮೇಲೆ ಗೇಣಿಯ ಅಕ್ಕಿ ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿಗಳಾಗಿ ಒಡೆಯರ ಅಂಗಳಕ್ಕೆ ಬರುತ್ತಿತ್ತು. ಬೆಳೆ ಕೈಕೊಟ್ಟ ವರ್ಷವೂ ಮುಡಿಯ ಲೆಕ್ಕ ತಪ್ಪದಿದ್ದಾಗ ಒಕ್ಕಲಿನ ಮನೆಯಲ್ಲಿ ಒಲೆ ಉರಿಯುವುದು ಕಷ್ಟವಾಗುತ್ತಿತ್ತು. 1969ರಲ್ಲಿ ತಿದ್ದುಪಡಿಯಾಗಿ 1970ರ ಜನವರಿ 1ರಿಂದ ಜಾರಿಗೆ ಬಂದ ಕೇರಳ ಭೂಸುಧಾರಣಾ ಕಾನೂನು ಗೇಣಿಯ ಪದ್ಧತಿಯನ್ನೇ ಕೊನೆಗಾಣಿಸಿ, ಉಳುವವನಿಗೆ ಒಡೆತನ ಕೊಟ್ಟು, ಒಂದು ಮಿತಿಗಿಂತ ಹೆಚ್ಚಿನ ಭೂಮಿಯನ್ನು ಸರ್ಕಾರಕ್ಕೆ ಸೇರಿಸಿತು. 1960ರಲ್ಲಿ, ಇಪ್ಪತ್ತರ ಹೊಸ್ತಿಲಲ್ಲಿದ್ದಾಗ ಪೀಠವೇರಿದ್ದ ಕೇಶವಾನಂದ ಭಾರತೀ ಸ್ವಾಮೀಜಿಯವರು, ಮಠದ ಧಾರ್ಮಿಕ ಸ್ವಾತಂತ್ರ್ಯಕ್ಕೂ ಆಸ್ತಿಯ ಹಕ್ಕಿಗೂ ಸಮಾನತೆಗೂ ಇದರಿಂದ ಭಂಗ ಬಂದಿದೆಯೆಂದು 32ನೇ ವಿಧಿಯ ಅಡಿಯಲ್ಲಿ 1970ರ ಮಾರ್ಚ್ 21ರಂದು ಸುಪ್ರೀಂ ಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಿದರು. ರಿಟ್ ಎಂದರೆ ಹಕ್ಕನ್ನು ರಕ್ಷಿಸಲು ನ್ಯಾಯಾಲಯ ಹೊರಡಿಸುವ ಆಜ್ಞೆ. ಗೇಣಿದಾರನ ಹೊಟ್ಟೆಯ ಪ್ರಶ್ನೆಯಲ್ಲಿ ನ್ಯಾಯ ಯಾವ ಕಡೆಗಿತ್ತೆಂಬುದರಲ್ಲಿ ಇತಿಹಾಸಕ್ಕೆ ಅನುಮಾನವಿಲ್ಲ. ಭೂಸುಧಾರಣೆಯನ್ನು ತಡೆಯಲು ಹೂಡಿದ ಮೊಕದ್ದಮೆಯಿಂದಲೇ ನಾಗರಿಕ ಸ್ವಾತಂತ್ರ್ಯದ ದೊಡ್ಡ ಆಸರೆ ಹುಟ್ಟಿತೆಂಬ ಸಂಗತಿಯನ್ನು ಮರೆಮಾಚದೆ ಹೇಳುವುದು ಅಗತ್ಯ.

ಅರ್ಜಿ ವಿಚಾರಣೆಗೆ ಕಾದಿರುವಾಗಲೇ ಸಂಸತ್ತಿನ ಹೊಸ ತಿದ್ದುಪಡಿಗಳು ಬಂದವು. 1972ರ 29ನೇ ತಿದ್ದುಪಡಿ ಕೇರಳದ ಭೂಕಾನೂನಿನ ತಿದ್ದುಪಡಿಗಳನ್ನು ಒಂಬತ್ತನೇ ಅನುಸೂಚಿಗೆ ಸೇರಿಸಿತು. ಹೀಗಾಗಿ ಮಠದ ಗದ್ದೆಗಳ ಪ್ರಶ್ನೆ ಹಿಂದೆ ಸರಿದು, ಸಂಸತ್ತು ಸಂವಿಧಾನವನ್ನು ಏನು ಬೇಕಾದರೂ ಮಾಡಬಹುದೇ ಎಂಬ ಪ್ರಶ್ನೆ ಮುಂದೆ ಬಂತು. ಮುಖ್ಯ ನ್ಯಾಯಮೂರ್ತಿ ಎಸ್. ಎಂ. ಸಿಕ್ರಿ ಅವರ ಅಧ್ಯಕ್ಷತೆಯಲ್ಲಿ 13 ನ್ಯಾಯಮೂರ್ತಿಗಳು ಒಟ್ಟಿಗೆ ಕೂತರು. ಅಷ್ಟು ದೊಡ್ಡ ಪೀಠ ಅದಕ್ಕೆ ಮೊದಲಾಗಲಿ ಆಮೇಲಾಗಲಿ ತೀರ್ಪು ಕೊಟ್ಟದ್ದಿಲ್ಲ. 1972ರ ಅಕ್ಟೋಬರ್ 31ರಿಂದ 1973ರ ಮಾರ್ಚ್ 23ರವರೆಗೆ 68 ದಿನ ವಾದ ನಡೆಯಿತು. ಅರ್ಜಿದಾರರ ಪರ ನಾನಿ ಪಾಲ್ಕೀವಾಲಾ, ಕೇರಳದ ಪರ ಎಚ್. ಎಂ. ಸೀರ್ವಾಯಿ, ಕೇಂದ್ರದ ಪರ ಅಟಾರ್ನಿ ಜನರಲ್ ನಿರೇನ್ ಡೇ ವಾದಿಸಿದರು. ಬನಾರಸಿನಲ್ಲಿ ಕಾನ್ರಾಡ್ ಮಂಡಿಸಿದ್ದ ವಿಚಾರಗಳೂ ಪಾಲ್ಕೀವಾಲಾರ ವಾದದೊಳಗೆ ಸೇರಿಕೊಂಡವು.

ಸಿಕ್ರಿಯವರ ನಿವೃತ್ತಿಯ ಅಂಚಿನಲ್ಲಿ, 1973ರ ಏಪ್ರಿಲ್ 24ರಂದು ಹೊರಬಿದ್ದ ತೀರ್ಪು ಒಂದೇ ತೀರ್ಪಾಗಿರಲಿಲ್ಲ. ಒಟ್ಟು 11 ಪ್ರತ್ಯೇಕ ಅಭಿಪ್ರಾಯಗಳಿದ್ದವು; ಅವೆಲ್ಲ ಸೇರಿ ಏನು ಹೇಳುತ್ತವೆಂಬುದು ಓದಿದವರಿಗೂ ಸುಲಭವಾಗಿ ಬಿಡಿಸಲಾಗದ ಗಂಟಾಗಿತ್ತು. ಆ ದಿನ ಸಿಕ್ರಿ ಆರು ಅಂಶಗಳ ಒಂದು ಚಿಕ್ಕ ಟಿಪ್ಪಣಿಯನ್ನು ಬಹುಮತದ ನಿಲುವೆಂದು ಸಹೋದ್ಯೋಗಿಗಳ ಮುಂದಿಟ್ಟರು. 13 ಮಂದಿಯಲ್ಲಿ ಒಂಬತ್ತು ಮಂದಿ ಸಹಿ ಹಾಕಿದರು. ನ್ಯಾಯಮೂರ್ತಿಗಳಾದ ರೇ, ಮ್ಯಾಥ್ಯೂ, ಬೇಗ್ ಮತ್ತು ದ್ವಿವೇದಿ ಹಾಕಲಿಲ್ಲ. ಗೋಲಕನಾಥ್ ತೀರ್ಪನ್ನು ತಳ್ಳಿಹಾಕಿದ ಆ ಟಿಪ್ಪಣಿಯ ಎರಡನೆಯ ಅಂಶ, 368ನೇ ವಿಧಿಯು ಸಂವಿಧಾನದ ಮೂಲ ರಚನೆಯನ್ನು ಮಾರ್ಪಡಿಸುವ ಅಧಿಕಾರವನ್ನು ಸಂಸತ್ತಿಗೆ ಕೊಡುವುದಿಲ್ಲ ಎಂದು ಹೇಳಿತು. ಮೂಲ ರಚನೆ ಎಂದರೆ ಇಂತಿಂಥ ವಿಧಿಗಳೆಂಬ ಪಟ್ಟಿಯಲ್ಲ. ಪ್ರಜಾಪ್ರಭುತ್ವ, ಅಧಿಕಾರಗಳ ವಿಂಗಡಣೆ, ಒಕ್ಕೂಟ, ಜಾತ್ಯತೀತತೆ, ವ್ಯಕ್ತಿಯ ಘನತೆ ಮುಂತಾದವನ್ನು ಬೇರೆಬೇರೆ ನ್ಯಾಯಮೂರ್ತಿಗಳು ಉದಾಹರಿಸಿದರು. ಯಾವುದನ್ನು ಕಿತ್ತರೆ ಉಳಿದದ್ದು ಅದೇ ಸಂವಿಧಾನವೆನಿಸದೋ ಅದು ಮೂಲ ರಚನೆ ಎಂಬುದು ಅವರೆಲ್ಲರ ಮಾತಿನ ತಿರುಳು. ಸಹಿಗಳು ಒಂಬತ್ತಿದ್ದರೂ ಅಭಿಪ್ರಾಯಗಳ ಲೆಕ್ಕದಲ್ಲಿ ಏಳಕ್ಕೆ ಆರಾಗಿದ್ದ ಈ ಬಹುಮತ ನಿಂತಿದ್ದು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರ ಒಂದು ಅಭಿಪ್ರಾಯದ ಮೇಲೆ. ಆರು ಮಂದಿ ಮೂಲಭೂತ ಹಕ್ಕುಗಳ ಸಾರವನ್ನೇ ತಿದ್ದಲಾಗದೆಂದರೆ, ಇನ್ನಾರು ಮಂದಿ ತಿದ್ದುವ ಅಧಿಕಾರಕ್ಕೆ ಮಿತಿಯೇ ಇಲ್ಲವೆಂದರು. ನಡುವೆ ನಿಂತ ಖನ್ನಾ, ಆಸ್ತಿಯ ಹಕ್ಕನ್ನೂ ಒಳಗೊಂಡು ಹಕ್ಕುಗಳನ್ನು ತಿದ್ದಬಹುದು, ಆದರೆ ಮೂಲ ರಚನೆಯನ್ನು ಮುಟ್ಟುವಂತಿಲ್ಲ ಎಂದರು. ಭೂಸುಧಾರಣೆಗೂ ಸ್ವಾತಂತ್ರ್ಯಕ್ಕೂ ಏಕಕಾಲಕ್ಕೆ ಎಡೆ ಕೊಟ್ಟ ನಿಲುವು ಇದೊಂದೇ. ಇದನ್ನು ಅನುಕೂಲದ ರಾಜಿಯೆಂದು ಟೀಕಿಸಿದವರಿದ್ದರೂ, ಮುಂದಿನ ಇತಿಹಾಸ ಅದರ ವಿವೇಕವನ್ನು ಸಾಬೀತುಪಡಿಸಿತೆನ್ನಬೇಕು. 29ನೇ ತಿದ್ದುಪಡಿ ಸಿಂಧುವೆಂದು ತೀರ್ಮಾನವಾದ್ದರಿಂದ ಎಡನೀರು ಮಠದ ಗೇಣಿಭೂಮಿ ಹೋದದ್ದು ಹೋಯಿತು. 1974ರ ಮಾರ್ಚ್ 1ರಿಂದ ದೇವರಾಜ ಅರಸು ಅವರ ಸರ್ಕಾರ ಕರ್ನಾಟಕದಲ್ಲಿ ಗೇಣಿಯನ್ನು ಕೊನೆಗಾಣಿಸಿದಾಗಲೂ ಮೂಲ ರಚನೆಯ ಸಿದ್ಧಾಂತ ಅದಕ್ಕೆ ಅಡ್ಡ ಬರಲಿಲ್ಲ.

ತೀರ್ಪಿನ ಮರುದಿನವೇ ಸರ್ಕಾರ ತನ್ನ ಅಸಮಾಧಾನವನ್ನು ತೋರಿಸಿತು. ಜ್ಯೇಷ್ಠತೆಯಲ್ಲಿ ಮುಂದಿದ್ದ ಮೂವರನ್ನು ಬದಿಗಿಟ್ಟು ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಲಾಯಿತು. ಬದಿಗಿಟ್ಟವರಲ್ಲಿ ಶೇಲತ್ ಮತ್ತು ಗ್ರೋವರ್ ಅವರ ಜೊತೆಗೆ, ಕಾರ್ಕಳ ತಾಲೂಕಿನ ಕೌಡೂರಿನಲ್ಲಿ ಹುಟ್ಟಿ ಮೈಸೂರು ಹೈಕೋರ್ಟಿನಲ್ಲಿ ನ್ಯಾಯಮೂರ್ತಿಯಾಗಿದ್ದ ಕೆ. ಎಸ್. ಹೆಗ್ಡೆಯವರೂ ಇದ್ದರು. ಮೂವರೂ ರಾಜೀನಾಮೆ ಕೊಟ್ಟರು. ಹೆಗ್ಡೆ ನಾಲ್ಕು ವರ್ಷಗಳ ಬಳಿಕ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಆಯ್ಕೆಯಾಗಿ ಅದರ ಸ್ಪೀಕರ್ ಆದರು.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾದ ಮರುದಿನ, ಸಂಸದೀಯ ಸಮಿತಿಯ ಕೆಲಸದ ಮೇಲೆ ಬೆಂಗಳೂರಿಗೆ ಬಂದಿದ್ದ ಎಲ್. ಕೆ. ಆಡ್ವಾಣಿ, ಅಟಲ್ ಬಿಹಾರಿ ವಾಜಪೇಯಿ, ಮಧು ದಂಡವತೆ ಮತ್ತು ಶ್ಯಾಮ್ ನಂದನ್ ಮಿಶ್ರಾ ಬಂಧಿತರಾಗಿ ಇಲ್ಲಿಯ ಸೆಂಟ್ರಲ್ ಜೈಲು ಸೇರಿದರು. ಅವರು ಕರ್ನಾಟಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿಗಳನ್ನು ಹಾಕಿದರು. ಹಿಡಿದಿಟ್ಟ ವ್ಯಕ್ತಿಯನ್ನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿ, ಬಂಧನಕ್ಕೆ ಆಧಾರ ತೋರಿಸಿರೆಂದು ಸರ್ಕಾರಕ್ಕೆ ಹೇಳುವ ಆಜ್ಞೆ ಅದು. ಹಲವು ಹೈಕೋರ್ಟುಗಳು ಇಂಥ ಅರ್ಜಿಗಳನ್ನು ವಿಚಾರಣೆಗೆ ಯೋಗ್ಯವೆಂದು ಸ್ವೀಕರಿಸಿದವು. ಆದರೆ 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು, ತುರ್ತು ಪರಿಸ್ಥಿತಿಯಲ್ಲಿ 21ನೇ ವಿಧಿ ಅಮಾನತಾಗಿರುವಾಗ ಯಾವ ಬಂಧಿಗೂ ಆ ಅರ್ಜಿ ಹಾಕುವ ಹಕ್ಕಿಲ್ಲವೆಂದು ಎ.ಡಿ.ಎಂ. ಜಬಲ್ಪುರ ಮೊಕದ್ದಮೆಯಲ್ಲಿ ನಾಲ್ಕಕ್ಕೆ ಒಂದರ ಬಹುಮತದಿಂದ ಹೇಳಿತು. ಒಂಟಿಯಾಗಿ ಭಿನ್ನಮತ ಬರೆದವರು ಖನ್ನಾ. ಮರುವರ್ಷ ಮುಖ್ಯ ನ್ಯಾಯಮೂರ್ತಿಯ ಹುದ್ದೆ ಅವರ ಕೈತಪ್ಪಿತು. ಅವರೂ ರಾಜೀನಾಮೆ ಕೊಟ್ಟು ನಡೆದರು. ಹಕ್ಕುಗಳ ಕಾವಲುಗಾರನೆಂದು ಸಂವಿಧಾನ ನೇಮಿಸಿದ ನ್ಯಾಯಾಲಯವೇ ಅತ್ಯಂತ ಬೇಕಾದ ಗಳಿಗೆಯಲ್ಲಿ ಕೈಚೆಲ್ಲಿತು ಎಂಬುದು ಈ ಇತಿಹಾಸದ ಅತ್ಯಂತ ನೋವಿನ ಪುಟ.

ಆದರೆ ಅದೇ ಅವಧಿಯಲ್ಲಿ ಎಡನೀರಿನ ತೀರ್ಪು ತನ್ನ ಬಲವನ್ನು ತೋರಿಸತೊಡಗಿತ್ತು. ಪ್ರಧಾನಿಯ ಚುನಾವಣೆಯನ್ನು ಅಲಹಾಬಾದ್ ಹೈಕೋರ್ಟು ಅಸಿಂಧುಗೊಳಿಸಿದ ಮೇಲೆ, ಆ ಹುದ್ದೆಯಲ್ಲಿರುವವರ ಚುನಾವಣೆಯನ್ನು ನ್ಯಾಯಾಲಯದಿಂದಲೇ ಹೊರಗಿಡಲು 39ನೇ ತಿದ್ದುಪಡಿ ಮಾಡಲಾಗಿತ್ತು. ಸುಪ್ರೀಂ ಕೋರ್ಟು 1975ರ ನವೆಂಬರ್ 7ರಂದು ಪ್ರಧಾನಿಯ ಆಯ್ಕೆಯನ್ನು ಎತ್ತಿಹಿಡಿದರೂ ಆ ಉಪವಿಧಿಯನ್ನು ಮೂಲ ರಚನೆಗೆ ವಿರುದ್ಧವೆಂದು ಹೊಡೆದುಹಾಕಿತು. ಮೂರು ದಿನಗಳಲ್ಲಿ ಮುಖ್ಯ ನ್ಯಾಯಮೂರ್ತಿ ರೇ 1973ರ ತೀರ್ಪನ್ನು ಮರುಪರಿಶೀಲಿಸಲು 13 ನ್ಯಾಯಮೂರ್ತಿಗಳ ಪೀಠ ಕೂಡಿಸಿದರು. ಎರಡು ದಿನ ವಾದ ಕೇಳಿದ ಬಳಿಕ ಪೀಠವನ್ನು ಅವರೇ ವಿಸರ್ಜಿಸಿದರು. ನ್ಯಾಯಾಲಯದ ಮೂಲಕ ಆಗದ್ದನ್ನು ಸಂಸತ್ತಿನ ಮೂಲಕ ಮಾಡಲು 1976ರಲ್ಲಿ 42ನೇ ತಿದ್ದುಪಡಿ ಬಂತು: ಸಂವಿಧಾನದ ಯಾವ ತಿದ್ದುಪಡಿಯನ್ನೂ ಯಾವ ನ್ಯಾಯಾಲಯದಲ್ಲೂ ಪ್ರಶ್ನಿಸುವಂತಿಲ್ಲ, ತಿದ್ದುವ ಅಧಿಕಾರಕ್ಕೆ ಯಾವ ಮಿತಿಯೂ ಇಲ್ಲ.

ಇದನ್ನು ಪ್ರಶ್ನಿಸಿದ್ದು ಬೆಂಗಳೂರಿನ ಮಿನರ್ವ ಮಿಲ್. ಬಿನ್ನಿ ಮಿಲ್, ರಾಜಾ ಮಿಲ್‌ಗಳ ಜೊತೆ ನಗರದ ದುಡಿಯುವ ಜನರ ಬದುಕಿನ ಭಾಗವಾಗಿದ್ದ ಈ ಗಿರಣಿಯ ಆಡಳಿತವನ್ನು ಕೇಂದ್ರ ಸರ್ಕಾರ 1971ರಲ್ಲಿ ವಹಿಸಿಕೊಂಡು, 1974ರ ರೋಗಗ್ರಸ್ತ ಜವಳಿ ಉದ್ಯಮಗಳ ರಾಷ್ಟ್ರೀಕರಣ ಕಾನೂನಿನಡಿ ಪೂರ್ತಿ ತನ್ನದಾಗಿಸಿಕೊಂಡಿತ್ತು. ಗಿರಣಿಯ ಒಡೆಯರು ಆ ಕಾನೂನನ್ನಷ್ಟೇ ಪ್ರಶ್ನಿಸಿದರೆ ಸಾಲದಾಗಿತ್ತು, ಏಕೆಂದರೆ ಅದರ ಹಿಂದೆ 42ನೇ ತಿದ್ದುಪಡಿಯ ಕೋಟೆಯಿತ್ತು. 1980ರಲ್ಲಿ ಐವರ ಪೀಠ ಆ ಎರಡು ಉಪವಿಧಿಗಳನ್ನು ರದ್ದುಗೊಳಿಸಿತು. ಮುಖ್ಯ ನ್ಯಾಯಮೂರ್ತಿ ವೈ. ವಿ. ಚಂದ್ರಚೂಡ್ ಬರೆದ ತೀರ್ಪಿನ ತರ್ಕ ಸರಳ: ಸಂವಿಧಾನ ಸಂಸತ್ತಿಗೆ ಕೊಟ್ಟಿರುವುದು ಮಿತವಾದ ತಿದ್ದುವ ಅಧಿಕಾರ, ಆ ಮಿತಿಯೇ ಮೂಲ ರಚನೆಯ ಭಾಗವಾಗಿರುವಾಗ, ಆ ಮಿತ ಅಧಿಕಾರವನ್ನೇ ಬಳಸಿಕೊಂಡು ಮಿತಿಯನ್ನು ಕಿತ್ತುಹಾಕಲಾಗದು. 1973ರಲ್ಲಿ ಮಿತಿಯಿಲ್ಲವೆಂದಿದ್ದ ಆರು ಮಂದಿಯಲ್ಲಿ ಚಂದ್ರಚೂಡ್ ಒಬ್ಬರಾಗಿದ್ದರೆಂಬುದನ್ನು ನೆನೆದರೆ, ತುರ್ತು ಪರಿಸ್ಥಿತಿಯ ಅನುಭವ ನ್ಯಾಯಾಂಗವನ್ನು ಎಷ್ಟು ಬದಲಿಸಿತ್ತೆಂಬುದು ತಿಳಿಯುತ್ತದೆ. ಗಿರಣಿಯ ರಾಷ್ಟ್ರೀಕರಣದ ಪ್ರಶ್ನೆ ಮತ್ತೆ ನ್ಯಾಯಾಲಯಕ್ಕೆ ಬಂದು 1986ರಲ್ಲಿ ಆ ಕಾನೂನು ಸಿಂಧುವೆಂದು ತೀರ್ಮಾನವಾಯಿತು. ಗಿರಣಿ ಒಡೆಯರಿಗೆ ಮರಳಲಿಲ್ಲ.

ಇಷ್ಟರಲ್ಲಿ 1978ರ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳಿಂದ ತೆಗೆದು ಸಾಧಾರಣ ಕಾನೂನುಬದ್ಧ ಹಕ್ಕನ್ನಾಗಿಸಿತ್ತು, ತುರ್ತು ಪರಿಸ್ಥಿತಿಯಲ್ಲೂ 20 ಮತ್ತು 21ನೇ ವಿಧಿಗಳನ್ನು ಅಮಾನತುಗೊಳಿಸಲಾಗದಂತೆ ಮಾಡಿತ್ತು. ಸಂಸತ್ತು ತನ್ನ ಅಧಿಕಾರವನ್ನು ತಾನೇ ಕಟ್ಟಿಕೊಂಡ ಅಪರೂಪದ ಸಂದರ್ಭವಿದು.

ಮೂರನೆಯ ಮೊಕದ್ದಮೆ ಕೇಂದ್ರ ಮತ್ತು ರಾಜ್ಯಗಳ ನಡುವಿನ ಅಧಿಕಾರದ ಹಂಚಿಕೆಯದು. ರಾಜ್ಯದ ಆಡಳಿತವನ್ನು ಸಂವಿಧಾನದಂತೆ ನಡೆಸಲಾಗದ ಸ್ಥಿತಿ ಬಂದಿದೆಯೆಂದು ರಾಷ್ಟ್ರಪತಿಗೆ ಮನವರಿಕೆಯಾದರೆ ರಾಜ್ಯ ಸರ್ಕಾರವನ್ನು ವಜಾ ಮಾಡುವ ಅವಕಾಶ 356ನೇ ವಿಧಿಯಲ್ಲಿದೆ. ಅದು ಬಳಕೆಯಾಗದೆ ಉಳಿದೀತೆಂಬ ಆಶಯವನ್ನು ಅಂಬೇಡ್ಕರ್ ವ್ಯಕ್ತಪಡಿಸಿದ್ದರೂ, 1990ರ ದಶಕದ ಆರಂಭದ ಹೊತ್ತಿಗೆ 90ರ ಆಸುಪಾಸು ಸಲ ಅದು ಬಳಕೆಯಾಗಿತ್ತು. 1988ರ ಆಗಸ್ಟ್‌ನಲ್ಲಿ ಕರ್ನಾಟಕದ ಮುಖ್ಯಮಂತ್ರಿಯಾದ ಎಸ್. ಆರ್. ಬೊಮ್ಮಾಯಿಯವರ ಸರ್ಕಾರಕ್ಕೆ ಬೆಂಬಲ ಹಿಂತೆಗೆದಿರುವುದಾಗಿ ಹೇಳುವ 19 ಶಾಸಕರ ಪತ್ರಗಳನ್ನು 1989ರ ಏಪ್ರಿಲ್ ಮೂರನೇ ವಾರದಲ್ಲಿ ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಒಪ್ಪಿಸಲಾಯಿತು. ರಾಜ್ಯಪಾಲರು ಏಪ್ರಿಲ್ 19ರಂದು ದಿಲ್ಲಿಗೆ ವರದಿ ಕಳಿಸಿದರು. ಮರುದಿನ ಆ 19 ಮಂದಿಯಲ್ಲಿ ಏಳು ಮಂದಿ, ತಮ್ಮ ಸಹಿಯನ್ನು ದಾರಿತಪ್ಪಿಸಿ ಪಡೆಯಲಾಗಿದೆ, ತಾವು ಸರ್ಕಾರದ ಜೊತೆಗಿದ್ದೇವೆ ಎಂದು ಬರೆದುಕೊಟ್ಟರು. ವಿಧಾನಸಭೆಯ ಅಧಿವೇಶನ ಏಪ್ರಿಲ್ 27ಕ್ಕೆ ನಿಗದಿಯಾಗಿತ್ತು. ಬೇಕಾದರೆ ಅದಕ್ಕೂ ಮೊದಲೇ ಕರೆದು ಬಹುಮತ ತೋರಿಸುತ್ತೇನೆಂದು ಬೊಮ್ಮಾಯಿ ಹೇಳಿದರು. ರಾಜ್ಯಪಾಲರು ಎರಡನೆಯ ವರದಿಯಲ್ಲೂ ತಮ್ಮ ನಿಲುವನ್ನೇ ಉಳಿಸಿಕೊಂಡರು. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು, ವಿಧಾನಸಭೆ ವಿಸರ್ಜನೆಯಾಯಿತು.

ಬೊಮ್ಮಾಯಿಯವರ ಅರ್ಜಿಯನ್ನು ಕರ್ನಾಟಕ ಹೈಕೋರ್ಟಿನ ವಿಶೇಷ ಪೀಠ ವಜಾಗೊಳಿಸಿತು. ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಡುವ ಹೊತ್ತಿಗೆ ರಾಜ್ಯದಲ್ಲಿ ಚುನಾವಣೆ ನಡೆದು ಬೇರೆ ಪಕ್ಷದ ಸರ್ಕಾರ ಬಂದು ವರ್ಷಗಳೇ ಆಗಿದ್ದವು. ಕರ್ನಾಟಕದ ವಜಾ ಆದೇಶ ಸಂವಿಧಾನಬಾಹಿರವೆಂದು ಹೇಳಿದರೂ ಪುನಃಸ್ಥಾಪಿಸಲು ಸರ್ಕಾರವೇ ಉಳಿದಿರಲಿಲ್ಲ. ಆದರೆ ತೀರ್ಪು ಹಾಕಿದ ಕಟ್ಟಳೆಗಳು ಬಲವಾಗಿದ್ದವು. ಮಂತ್ರಿಮಂಡಲಕ್ಕೆ ಬಹುಮತವಿದೆಯೋ ಇಲ್ಲವೋ ಎಂಬುದು ನಿರ್ಧಾರವಾಗಬೇಕಾದದ್ದು ಸದನದಲ್ಲಿ, ರಾಜಭವನದಲ್ಲಲ್ಲ. ರಾಷ್ಟ್ರಪತಿಯ ಘೋಷಣೆಗೆ ಆಧಾರವಾದ ಸಂಗತಿಗಳನ್ನು ನ್ಯಾಯಾಲಯ ಕೇಳಿ ನೋಡಬಹುದು. ಸಂಸತ್ತಿನ ಎರಡೂ ಸದನಗಳು ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ. ತಪ್ಪಾಗಿದ್ದರೆ ವಜಾಗೊಂಡ ಸರ್ಕಾರವನ್ನು ಮರಳಿ ಕೂರಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಒಕ್ಕೂಟ ಮತ್ತು ಜಾತ್ಯತೀತತೆ ಮೂಲ ರಚನೆಯ ಭಾಗಗಳೆಂಬುದೂ ಇಲ್ಲಿ ಖಚಿತವಾಯಿತು. ಆ ನಂತರ ರಾಷ್ಟ್ರಪತಿ ಆಳ್ವಿಕೆಯ ಬಳಕೆ ಗಮನಾರ್ಹವಾಗಿ ಕಡಿಮೆಯಾದದ್ದಕ್ಕೆ ದಿಲ್ಲಿಯ ಸಮ್ಮಿಶ್ರ ಸರ್ಕಾರಗಳ ಅಶಕ್ತತೆಯೂ ಕಾರಣವಿರಬಹುದು, ಆದರೆ ಈ ತೀರ್ಪಿನ ಭಯ ಅದಕ್ಕಿಂತ ದೊಡ್ಡ ಕಾರಣ. ಉತ್ತರಾಖಂಡದಲ್ಲಿ 2016ರಲ್ಲಿ ವಜಾಗೊಂಡ ಸರ್ಕಾರ ಸದನದಲ್ಲೇ ಬಹುಮತ ತೋರಿಸಿ ಮರಳಿ ಅಧಿಕಾರಕ್ಕೆ ಬಂದದ್ದು ಬೊಮ್ಮಾಯಿ ತೀರ್ಪು ತೋರಿದ ದಾರಿಯಲ್ಲಿ.

ಮೂಲ ರಚನೆಯ ಸಿದ್ಧಾಂತದ ವಿರುದ್ಧ ಗಟ್ಟಿಯಾದ ಆಕ್ಷೇಪಗಳೂ ಇವೆ. ಅದರ ಪಟ್ಟಿಯನ್ನು ಯಾರೂ ಮುಗಿಸಿಲ್ಲ. ಏನು ಮೂಲ, ಏನಲ್ಲ ಎಂಬುದನ್ನು ಜನರಿಂದ ಆಯ್ಕೆಯಾಗದ ನ್ಯಾಯಾಧೀಶರು ಆಯಾ ಕಾಲಕ್ಕೆ ಹೇಳುತ್ತ ಬಂದಿದ್ದಾರೆ. ನ್ಯಾಯಾಧೀಶರ ನೇಮಕಕ್ಕೆ ಆಯೋಗವೊಂದನ್ನು ರಚಿಸುವ 99ನೇ ತಿದ್ದುಪಡಿಯನ್ನು ಸಂಸತ್ತು ಅಂಗೀಕರಿಸಿ, ಅರ್ಧಕ್ಕಿಂತ ಹೆಚ್ಚು ರಾಜ್ಯಗಳು ಒಪ್ಪಿದ ಮೇಲೂ, ಅದು ನ್ಯಾಯಾಂಗದ ಸ್ವಾತಂತ್ರ್ಯಕ್ಕೆ ಧಕ್ಕೆಯೆಂದು ಸುಪ್ರೀಂ ಕೋರ್ಟು 2015ರ ಅಕ್ಟೋಬರ್ 16ರಂದು ರದ್ದು ಮಾಡಿತು. ನ್ಯಾಯಾಧೀಶರನ್ನು ನ್ಯಾಯಾಧೀಶರೇ ಆರಿಸುವ ಪದ್ಧತಿಯನ್ನು ಉಳಿಸಿಕೊಳ್ಳಲು ಈ ಸಿದ್ಧಾಂತ ಬಳಕೆಯಾದಾಗ ಅದರ ನೈತಿಕ ಬಲ ಕುಗ್ಗಿತು. ನ್ಯಾಯಮೂರ್ತಿ ಚೆಲಮೇಶ್ವರ್ ಅವರ ಭಿನ್ನಮತದ ತೀರ್ಪು ಎತ್ತಿದ ಪಾರದರ್ಶಕತೆಯ ಪ್ರಶ್ನೆ ಹಾಗೆಯೇ ಉಳಿದಿದೆ.

1976ರ ಹೇಬಿಯಸ್ ಕಾರ್ಪಸ್ ತೀರ್ಪಿನ ಕಳಂಕ ಅಳಿದದ್ದು ಕರ್ನಾಟಕದಿಂದಲೇ ಹೋದ ಮತ್ತೊಂದು ಅರ್ಜಿಯಿಂದ. ರಾಜ್ಯ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಸಂವಿಧಾನದಲ್ಲಿ ಖಾಸಗಿತನದ ಹಕ್ಕೆಂಬುದೇ ಇಲ್ಲವೆಂದು ಸರ್ಕಾರ ವಾದಿಸಿದ್ದರಿಂದ ಪ್ರಶ್ನೆ ಒಂಬತ್ತು ನ್ಯಾಯಮೂರ್ತಿಗಳ ಪೀಠಕ್ಕೆ ಹೋಗಿ, 2017ರ ಆಗಸ್ಟ್ 24ರಂದು ಆ ಹಕ್ಕು 21ನೇ ವಿಧಿಯಲ್ಲೇ ಅಡಕವಾಗಿದೆಯೆಂದು ಅವರು ಒಮ್ಮತದಿಂದ ತೀರ್ಪಿತ್ತರು. ಬೆಂಗಳೂರಿನ ಬಂಧಿಗಳಿಗೆ ಬಾಗಿಲು ಮುಚ್ಚಿದ ಎ.ಡಿ.ಎಂ. ಜಬಲ್ಪುರ ತೀರ್ಪು ತಪ್ಪೆಂದು ಅದೇ ದಿನ ರದ್ದಾಯಿತು. ರದ್ದುಗೊಳಿಸಿದ ಅಭಿಪ್ರಾಯವನ್ನು ಬರೆದವರು, 1976ರ ಬಹುಮತದಲ್ಲಿದ್ದ ವೈ. ವಿ. ಚಂದ್ರಚೂಡ್ ಅವರ ಮಗ ಡಿ. ವೈ. ಚಂದ್ರಚೂಡ್. ಪುಟ್ಟಸ್ವಾಮಿಯವರು ವಿರೋಧಿಸಿದ ಆಧಾರ್ ಯೋಜನೆ ಮಾತ್ರ ಮರುವರ್ಷದ ಸೆಪ್ಟೆಂಬರ್‌ನಲ್ಲಿ ಬಹುಮಟ್ಟಿಗೆ ಸಿಂಧುವೆನಿಸಿಕೊಂಡಿತು. ಖಾಸಗಿ ಕಂಪನಿಗಳು ಆಧಾರ್ ಸಂಖ್ಯೆಯನ್ನು ಕೇಳಲು ಇದ್ದ ಅವಕಾಶವೂ ಸೇರಿ ಕೆಲವು ಅಂಶಗಳು ಮಾತ್ರ ಆಗ ಬಿದ್ದುಹೋದವು.